ಅಜ್ಟೆಕರ ಸಂತೆ ಬಯಲಿನಲ್ಲಿ ಒಂದು ದಿನ



ಬೆಳೆಯುವುದು ಒಂದು ವಿದ್ಯೆ, ಬೆಳೆದದ್ದನ್ನು ಮಾರುವುದು ಇನ್ನೊಂದು ವಿದ್ಯೆ. ಮೊದಲನೆಯದರ ಬಗ್ಗೆ ಈ ಪುಟದಲ್ಲಿ ನೀವು ವಾರವಾರವೂ ಓದುತ್ತೀರಿ. ಬೀಜೋಪಚಾರ, ಮೇಲುಗೊಬ್ಬರ, ಔಷಧಿ ಸಿಂಪರಣೆ ಎಲ್ಲವೂ ಬರುತ್ತದೆ. ಈ ವಾರ ಎರಡನೆಯ ವಿದ್ಯೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದಕ್ಕಾಗಿ ನಿಮ್ಮನ್ನು ಬಹಳ ದೂರದ ಒಂದು ಸಂತೆಗೆ ಕರೆದುಕೊಂಡು ಹೋಗುತ್ತೇನೆ. ಆ ಸಂತೆಯ ವೈಭವ ಅಳಿದು ಐನೂರು ವರ್ಷ ದಾಟಿತು. ಇಂದು ಅಲ್ಲಿರುವುದು ಹಾಳು ಗೋಡೆಗಳು ಮಾತ್ರ. ಆದರೂ ಅಲ್ಲಿಂದ ನಾವು ಕಲಿಯಬೇಕಾದ ಪಾಠ ಒಂದಿದೆ.

ಹೋದದ್ದು ಹೀಗೆ

ಕೆಲವು ವರ್ಷಗಳ ಹಿಂದೆ ಮೆಕ್ಕೆಜೋಳದ ತರಬೇತಿಗೆಂದು ಮೆಕ್ಸಿಕೋ ದೇಶಕ್ಕೆ ಹೋಗುವ ಅವಕಾಶ ನನಗೆ ಸಿಕ್ಕಿತ್ತು. ಅಲ್ಲಿನ ತೆಷ್ಕೋಕೋ ಎಂಬ ಊರಿನ ಬಳಿ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಅಭಿವೃದ್ಧಿ ಕೇಂದ್ರವಿದೆ. 1966ರಲ್ಲಿ ಸ್ಥಾಪನೆಯಾದ ಕೇಂದ್ರ ಅದು. ಅದೇ ವರ್ಷ ನಮ್ಮ ದೇಶ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬೀಜ ತರಿಸಿಕೊಂಡಿತ್ತು. ಡಾ. ನಾರ್ಮನ್ ಬೋರ್ಲಾಗ್ ಅವರ ಹೆಸರು ನಿಮಗೆಲ್ಲ ಗೊತ್ತಿದೆ. ಅವರು ಆ ಗೋಧಿಯನ್ನು ಬೆಳೆಸಿ ತೋರಿಸಿದ ನಾಡು ಅದೇ.

ಒಂದು ಭಾನುವಾರ ಬಿಡುವಿತ್ತು. ಜೊತೆಯವರು ಅಂಗಡಿ ಸುತ್ತಲು ಹೊರಟರು. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರಲ್ಲ, ನಾನು ಹಳೆಯ ಸಂತೆ ಊರು ನೋಡಿಬರಲು ಹೊರಟೆ. ಊರಿನ ಹೆಸರು ತ್ಲತೆಲೊಲ್ಕೊ. ಹೇಳುವಾಗ ನಾಲಿಗೆ ತೊಡರುತ್ತದೆ. ಮಣ್ಣಿನ ದಿಬ್ಬದ ಜಾಗ ಎಂಬುದು ಅದರ ಅರ್ಥ. ಈಗ ಅದು ಮೆಕ್ಸಿಕೋ ನಗರದ ಹೊಟ್ಟೆಯೊಳಗೇ ಸೇರಿಹೋಗಿದೆ. ಅದೇ ಹೆಸರಿನ ಮೆಟ್ರೋ ರೈಲು ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಬಹುದು.

ಹಿಂದೆ ಆ ಕಣಿವೆಯಲ್ಲಿ ದೊಡ್ಡ ಸರೋವರವಿತ್ತು. ಸರೋವರದ ನಡುಗಡ್ಡೆಯ ಮೇಲೆ ಅಜ್ಟೆಕ್ ಜನ 1325ರಲ್ಲಿ ತೆನೋಚ್‌ತಿತ್ಲಾನ್ ಎಂಬ ರಾಜಧಾನಿ ಕಟ್ಟಿದರೆಂದು ಪ್ರತೀತಿ. ಅವರಲ್ಲೇ ಒಂದು ಗುಂಪು ಬೇರೆಯಾಗಿ 1337ರಲ್ಲಿ ಪಕ್ಕದಲ್ಲೇ ತ್ಲತೆಲೊಲ್ಕೊ ಕಟ್ಟಿತು. ಅಣ್ಣತಮ್ಮಂದಿರು ಪಾಲಾದ ಹಾಗೆ. ದೊಡ್ಡ ಮನೆಯವರು ಯುದ್ಧದಲ್ಲಿ ನುರಿತರು, ಚಿಕ್ಕ ಮನೆಯವರು ವ್ಯಾಪಾರದಲ್ಲಿ ಮುಂದಾದರು. 1473ರಲ್ಲಿ ಅಣ್ಣನ ಊರು ತಮ್ಮನ ಊರನ್ನು ಗೆದ್ದುಕೊಂಡಿತು. ರಾಜ್ಯ ಹೋಯಿತು, ಸಂತೆ ಮಾತ್ರ ಬೆಳೆಯುತ್ತಲೇ ಹೋಯಿತು.

ಕಲ್ಲು ಉಳಿದಿದೆ

ಈಗ ಅಲ್ಲಿ ಏನಿದೆ? ರಸ್ತೆಯ ಮಟ್ಟಕ್ಕಿಂತ ಕೆಳಗೆ, ಅಗೆದು ತೆರೆದ ವಿಶಾಲವಾದ ಜಾಗ. ಅಲ್ಲಿ ಗುಡಿಗಳ ತಳಪಾಯ, ಮೆಟ್ಟಿಲು, ಜಗಲಿಗಳ ಸಾಲು. ಕಲ್ಲು ಕಪ್ಪುಗೆಂಪು ಬಣ್ಣದ್ದು, ಜ್ವಾಲಾಮುಖಿಯಿಂದ ಹುಟ್ಟಿದ್ದು, ತೂತುತೂತಾಗಿ ಹಗುರವಾಗಿದೆ. ನಡುವಿನ ದೊಡ್ಡ ಗುಡಿಯನ್ನು ಅವರು ಒಂದರ ಮೇಲೊಂದರಂತೆ ಹಲವು ಸಲ ಕಟ್ಟಿ ದೊಡ್ಡದು ಮಾಡಿದ್ದರು. ಆದ್ದರಿಂದ ಕತ್ತರಿಸಿದ ಈರುಳ್ಳಿಯಲ್ಲಿ ಪದರಗಳು ಕಾಣುವಂತೆ ಒಂದು ಗೋಡೆಯ ಒಳಗೆ ಇನ್ನೊಂದು ಗೋಡೆ ಕಾಣುತ್ತದೆ. 1944ರಿಂದ ಇಲ್ಲಿ ಕ್ರಮವಾಗಿ ಉತ್ಖನನ ನಡೆದು ಇವೆಲ್ಲ ಬೆಳಕಿಗೆ ಬಂದವು.

ಪಕ್ಕದಲ್ಲೇ ಒಂದು ಹಳೆಯ ಚರ್ಚು. ಗುಡಿಗಳನ್ನು ಕೆಡವಿ, ಅದೇ ಕಲ್ಲುಗಳಿಂದ ಸ್ಪೇನಿನವರು ಕಟ್ಟಿಸಿದ್ದು. ಅದರ ಸುತ್ತ 1960ರ ದಶಕದ ಎತ್ತರದ ವಸತಿ ಕಟ್ಟಡಗಳು. ಅಜ್ಟೆಕರದು, ಸ್ಪೇನಿನವರದು, ಇಂದಿನದು ಎಂದು ಮೂರು ಕಾಲಗಳು ಒಂದೇ ಕಡೆ ನಿಂತಿರುವುದರಿಂದ ಆ ಚೌಕಕ್ಕೆ ಮೂರು ಸಂಸ್ಕೃತಿಗಳ ಚೌಕವೆಂದೇ ಹೆಸರು. 1968ರ ಅಕ್ಟೋಬರ್ 2ರಂದು ಇದೇ ಚೌಕದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಗುಂಡಿನ ಮಳೆಗರೆಯಲಾಯಿತು. ಅವರ ಸ್ಮಾರಕದ ಕಲ್ಲೂ ಅಲ್ಲಿದೆ.

ಸಂತೆಯ ಬಯಲು ಗುಡಿಯ ಪಕ್ಕದಲ್ಲಿತ್ತು. ಅದು ಈಗ ರಸ್ತೆ, ಕಟ್ಟಡಗಳ ಕೆಳಗೆ ಸೇರಿಹೋಗಿದೆ. ನೋಡಬೇಕೆಂದರೆ ನಗರದ ರಾಷ್ಟ್ರೀಯ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿ ಆ ಸಂತೆಯ ಪುಟ್ಟ ಮಾದರಿ ಮಾಡಿಟ್ಟಿದ್ದಾರೆ. ಗೇಣುದ್ದದ ಮಣ್ಣಿನ ಜನ ಸಾಲುಸಾಲಾಗಿ ಕುಳಿತು, ಚಾಪೆ ಹಾಸಿ, ಬುಟ್ಟಿ ಇಟ್ಟು ಮಾರುತ್ತಿದ್ದಾರೆ. ನೋಡಿದೊಡನೆ ನಮ್ಮ ವಾರದ ಸಂತೆ ಕಣ್ಣಿಗೆ ಕಟ್ಟುತ್ತದೆ.

ಸಂತೆ ಹೇಗಿತ್ತು?

1519ರಲ್ಲಿ ಸ್ಪೇನಿನ ಸೇನಾನಿ ಹೆರ್ನಾನ್ ಕೊರ್ತೆಸ್ ಈ ಸಂತೆಯನ್ನು ಕಣ್ಣಾರೆ ಕಂಡ. ಮರುವರ್ಷ ತನ್ನ ದೊರೆಗೆ ಬರೆದ ಕಾಗದದಲ್ಲಿ ಅದನ್ನು ವರ್ಣಿಸಿದ್ದಾನೆ. ದಿನಕ್ಕೆ 60,000ಕ್ಕೂ ಹೆಚ್ಚು ಜನ ಸೇರುತ್ತಿದ್ದರೆಂದು ಅವನ ಅಂದಾಜು. ಇದು ಸ್ವಲ್ಪ ಹೆಚ್ಚೇ ಇರಬಹುದು. ಇನ್ನೊಬ್ಬ ಸ್ಪೇನಿನವನು ಮಾಮೂಲು ದಿನ ಇಪ್ಪತ್ತು ಇಪ್ಪತ್ತೈದು ಸಾವಿರ, ಐದು ದಿನಕ್ಕೊಮ್ಮೆ ನಡೆಯುವ ದೊಡ್ಡ ಸಂತೆಯ ದಿನ ನಲವತ್ತು ಐವತ್ತು ಸಾವಿರ ಎಂದು ಬರೆದಿದ್ದಾನೆ. ಹೌದು, ನಮಗೆ ಏಳು ದಿನಕ್ಕೊಂದು ಸಂತೆಯಾದರೆ ಅವರಿಗೆ ಐದು ದಿನಕ್ಕೊಂದು.

ಒಂದೊಂದು ಸರಕಿಗೆ ಒಂದೊಂದು ಬೀದಿ. ಮೆಕ್ಕೆಜೋಳಕ್ಕೆ ಒಂದು, ಹುರುಳಿಕಾಯಿ ಜಾತಿಯ ಕಾಳುಗಳಿಗೆ ಒಂದು, ಸೊಪ್ಪು ತರಕಾರಿಗೆ ಒಂದು, ಗಿಡಮೂಲಿಕೆಗೆ ಒಂದು. ಒಂದರ ಸಾಲಿನಲ್ಲಿ ಇನ್ನೊಂದನ್ನು ಇಡುವ ಹಾಗಿರಲಿಲ್ಲ. ಮೆಣಸಿನಕಾಯಿ, ಟೊಮೆಟೊ, ಬೆಣ್ಣೆಹಣ್ಣು, ಕೋಕೋ, ಹತ್ತಿ ಬಟ್ಟೆ, ಕತ್ತಾಳೆ ನಾರು, ಉಪ್ಪು, ಜೇನು, ಮಡಕೆ, ಚಾಪೆ, ಸೌದೆ, ಟರ್ಕಿ ಕೋಳಿ ಎಲ್ಲವೂ ಬರುತ್ತಿದ್ದವು. ತಲೆ ಬೋಳಿಸುವವರು, ತಿಂಡಿ ಮಾರುವವರು, ಹೊರೆ ಹೊರುವ ಹಮಾಲರು ಬೇರೆ. ಎತ್ತಿಲ್ಲ, ಕತ್ತೆಯಿಲ್ಲ, ಗಾಡಿಯಿಲ್ಲ. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಸುಮಾರು 23 ಕಿಲೋ ಭಾರ ಹೊತ್ತು ಹರದಾರಿಗಟ್ಟಲೆ ನಡೆಯುತ್ತಿದ್ದರು. ಉಳಿದದ್ದು ದೋಣಿಯಲ್ಲಿ ಬರುತ್ತಿತ್ತು.

ಚಿಲ್ಲರೆಗೆ ಕೋಕೋ ಬೀಜವೇ ನಾಣ್ಯ. 1545ರಲ್ಲಿ, ಸ್ಪೇನಿನವರ ಆಳ್ವಿಕೆ ಬಂದ ಮೇಲೆ, ತ್ಲಾಷ್ಕಾಲಾ ಎಂಬ ನೆರೆಯ ಊರಿನಲ್ಲಿ ಬರೆದಿಟ್ಟ ಒಂದು ದರಪಟ್ಟಿ ಉಳಿದುಬಂದಿದೆ. ಹೆಣ್ಣು ಟರ್ಕಿ ಕೋಳಿಗೆ 100 ಒಳ್ಳೆಯ ಬೀಜ, ಸೊರಗಿದ ಬೀಜವಾದರೆ 120. ದೊಡ್ಡ ಟೊಮೆಟೊ ಒಂದಕ್ಕೆ 1 ಬೀಜ. ಆಗ ತಾನೆ ಕೊಯ್ದ ಬೆಣ್ಣೆಹಣ್ಣಿಗೆ 3 ಬೀಜ, ಪೂರ್ತಿ ಕಳಿತದ್ದಕ್ಕೆ 1 ಬೀಜ. ಇಡಲು ಬಾರದ ಮಾಲಿಗೆ ಬೆಲೆ ಬೀಳುವುದು ಅಂದಿಗೂ ಇಂದಿಗೂ ಒಂದೇ ನೋಡಿ.

ನೀರಿನ ಮೇಲಿನ ಹೊಲ

ಇಷ್ಟು ಜನಕ್ಕೆ ಸೊಪ್ಪು ತರಕಾರಿ ಎಲ್ಲಿಂದ ಬರುತ್ತಿತ್ತು? ಸರೋವರದಲ್ಲೇ ಹೊಲ ಮಾಡಿದ್ದರು. ಆಳವಿಲ್ಲದ ನೀರಿನಲ್ಲಿ ಗೂಟ ನೆಟ್ಟು, ಜೊಂಡು ಹಾಸಿ, ತಳದ ಗೋಡುಮಣ್ಣು ಎತ್ತಿ ಹಾಕಿ ಉದ್ದನೆಯ ಮಡಿಗಳನ್ನು ಎಬ್ಬಿಸುತ್ತಿದ್ದರು. ಅಂಚು ಕುಸಿಯದಂತೆ ನೀರುಹಬ್ಬೆ ಜಾತಿಯ ಮರ ನೆಡುತ್ತಿದ್ದರು. ಎರಡು ಮಡಿಗಳ ನಡುವೆ ಕಾಲುವೆ. ಪ್ರತಿ ಬೆಳೆಗೂ ಕಾಲುವೆಯ ಗೋಡೇ ಗೊಬ್ಬರ. ಇದಕ್ಕೆ ಚಿನಾಂಪಾ ಎಂದು ಹೆಸರು.

ನಗರದ ದಕ್ಷಿಣಕ್ಕೆ ಸೊಚಿಮಿಲ್ಕೊ ಎಂಬಲ್ಲಿ ಈಗಲೂ ಈ ಬೇಸಾಯವಿದೆ. ಅವರ ಸಸಿ ಮಡಿ ನನಗೆ ಬಹಳ ಮೆಚ್ಚಿಗೆಯಾಯಿತು. ಕಾಲುವೆಯ ಗೋಡನ್ನು ನೆಲದ ಮೇಲೆ ಹರಡಿ, ಸ್ವಲ್ಪ ಆರಿದ ಮೇಲೆ ಮೈಸೂರುಪಾಕು ಕತ್ತರಿಸಿದ ಹಾಗೆ ಚೌಕಚೌಕವಾಗಿ ಕತ್ತರಿಸುತ್ತಾರೆ. ಒಂದೊಂದು ಚೌಕಕ್ಕೂ ಒಂದು ಗುಳಿ ಒತ್ತಿ ಬೀಜ ಹಾಕುತ್ತಾರೆ. ಸಸಿ ಬಂದಾಗ ಮಣ್ಣಿನ ಹೆಂಟೆಯ ಸಮೇತ ಎತ್ತಿ ನೆಡುತ್ತಾರೆ. ಬೇರು ಅಲುಗುವುದಿಲ್ಲ. ನಾವು ಪ್ಲಾಸ್ಟಿಕ್ ಟ್ರೇಯಲ್ಲಿ ಇಂದು ಮಾಡುವುದನ್ನು ಅವರು ಬರಿಯ ಕೆಸರಿನಲ್ಲಿ ಮಾಡುತ್ತಿದ್ದಾರೆ.

ಅಳತೆ ಒಡೆಯುವವರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಸಂತೆಯಲ್ಲಿ ತಕ್ಕಡಿ ಇರಲಿಲ್ಲ. ಎಲ್ಲವೂ ಎಣಿಕೆ, ಇಲ್ಲವೇ ಅಳತೆ. ನಮ್ಮ ಸೇರು, ಬಳ್ಳ, ಕೊಳಗದಂತೆ. ಅಳತೆಯ ವ್ಯಾಪಾರದಲ್ಲಿ ಮೋಸ ಮಾಡುವುದು ಎಷ್ಟು ಸುಲಭವೆಂದು ನಿಮಗೆ ಹೇಳಬೇಕಾಗಿಲ್ಲ. ಅದಕ್ಕೆ ಅವರು ಮಾಡಿದ್ದ ಏರ್ಪಾಡನ್ನೂ ಕೊರ್ತೆಸ್ ಬರೆದಿದ್ದಾನೆ. ಸಂತೆ ಬಯಲಿನಲ್ಲೇ ಒಂದು ದೊಡ್ಡ ಕಟ್ಟೆಮನೆ ಇತ್ತು. ಅಲ್ಲಿ ಹತ್ತು ಹನ್ನೆರಡು ಜನ ನ್ಯಾಯಾಧಿಪತಿಗಳು ಸದಾ ಕುಳಿತಿರುತ್ತಿದ್ದರು. ಸಂತೆಯ ಜಗಳ ಸಂತೆಯಲ್ಲೇ ಇತ್ಯರ್ಥ. ಅಲ್ಲದೆ ಬೇರೆ ಕೆಲವರು ಸಾಲುಗಳಲ್ಲಿ ತಿರುಗುತ್ತ, ಯಾರು ಏನು ಮಾರುತ್ತಿದ್ದಾರೆ, ಯಾವ ಅಳತೆಯಲ್ಲಿ ಕೊಡುತ್ತಿದ್ದಾರೆ ಎಂದು ನೋಡುತ್ತಿದ್ದರು. ಸುಳ್ಳು ಅಳತೆ ಸಿಕ್ಕಿದರೆ ಅಲ್ಲೇ ಒಡೆದು ಹಾಕುತ್ತಿದ್ದರು.

ಇದನ್ನು ಓದಿದಾಗ ನನಗೆ ನನ್ನ ತಂದೆಯ ನೆನಪಾಯಿತು. ನಮ್ಮದು ಧಾರವಾಡ ಸೀಮೆಯ ಎರೆಭೂಮಿ, ಮಳೆಯಾಶ್ರಿತ ಮೆಣಸಿನಕಾಯಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೊತೆ ಆರು ಚೀಲ ಒಣ ಮೆಣಸಿನಕಾಯಿ ತೆಗೆದುಕೊಂಡು ಒಂದು ಪೇಟೆಗೆ ಹೋಗಿದ್ದೆ. ಹೊರಡುವ ಮುನ್ನ ಊರಿನ ಸೊಸೈಟಿಯಲ್ಲಿ ತೂಗಿ, ಪ್ರತಿ ಚೀಲದ ತೂಕವನ್ನು ನನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಪೇಟೆಯ ಕಾಟಾದಲ್ಲಿ ಚೀಲಕ್ಕೆ 2 ಕಿಲೋ ಕಡಿಮೆ ಬಂತು. ಆರು ಚೀಲಕ್ಕೆ 12 ಕಿಲೋ. ಸ್ಯಾಂಪಲ್ ಎಂದು ಮುಷ್ಟಿ ಮುಷ್ಟಿ ತೆಗೆದದ್ದು ಲೆಕ್ಕಕ್ಕಿಲ್ಲ. ನಾನು ಪುಸ್ತಕ ತೆರೆದು ತೋರಿಸಲು ಹೋದೆ. ಅಪ್ಪ ಕೈ ಹಿಡಿದು ಎಳೆದುಕೊಂಡರು. “ಬಿಡೋ ತಮ್ಮಾ, ತಕ್ಕಡಿ ಅವರದೈತಿ” ಎಂದರು.

12 ಕಿಲೋ ಒಣ ಕಾಯಿ ಎಂದರೆ ಸುಮಾರು 40 ಕಿಲೋ ಹಣ್ಣುಗಾಯಿ. ಅವ್ವ, ಅಕ್ಕ ಬಿಸಿಲಿನಲ್ಲಿ ಬಗ್ಗಿ ಒಂದಿಡೀ ದಿನ ಬಿಡಿಸಿದ್ದು. ಆ ದಿನದ ದುಡಿಮೆ ಹಾಗೇ ಹೋಯಿತು. ಹಣ ಹೋದದ್ದಕ್ಕಿಂತ ಅಪ್ಪನ ಆ ಮಾತು ನನ್ನನ್ನು ಹೆಚ್ಚು ಕಾಡಿದೆ. ತ್ಲತೆಲೊಲ್ಕೊದಲ್ಲಿ ಅಳತೆ ಮಾರುವವನದೂ ಅಲ್ಲ, ಕೊಳ್ಳುವವನದೂ ಅಲ್ಲ, ಅದು ಸಂತೆಯದು. ಇಡೀ ವ್ಯವಸ್ಥೆಯ ಗುಟ್ಟು ಇಷ್ಟೇ.

ಮೇಲೆ ಒಳ್ಳೆಯದು, ಅಡಿಗೆ ಹುಳುಕು

ಮೋಸ ಕೊಳ್ಳುವವರಿಂದ ಮಾತ್ರವೇ? ಹಾಗೆ ಹೇಳಿದರೆ ನಾನು ನಿಮ್ಮ ಮುಖಸ್ತುತಿ ಮಾಡಿದಂತಾಗುತ್ತದೆ. ತ್ಲತೆಲೊಲ್ಕೊದ ಚರ್ಚಿನ ಪಕ್ಕ 1536ರಲ್ಲಿ ಒಂದು ವಿದ್ಯಾಲಯ ಆರಂಭವಾಯಿತು. ಅಲ್ಲಿ ಪಾಠ ಹೇಳಿದ ಬರ್ನಾರ್ದಿನೊ ದ ಸಹಗುನ್ ಎಂಬ ಪಾದ್ರಿ, ಊರಿನ ಹಿರಿಯರನ್ನು ಕೂರಿಸಿಕೊಂಡು, ಓದು ಕಲಿತ ಸ್ಥಳೀಯ ತರುಣರಿಂದ ಅವರ ಭಾಷೆಯಲ್ಲೇ ಎಲ್ಲವನ್ನೂ ಬರೆಸಿದ. ಹನ್ನೆರಡು ಭಾಗಗಳ ದೊಡ್ಡ ಗ್ರಂಥ ಅದು. ಅದರಲ್ಲಿ ಒಳ್ಳೆಯ ವ್ಯಾಪಾರಿ ಯಾರು, ಕೆಟ್ಟ ವ್ಯಾಪಾರಿ ಯಾರು ಎಂಬ ವಿವರ ಇದೆ.

ಕೆಟ್ಟ ಮೆಣಸಿನಕಾಯಿ ವ್ಯಾಪಾರಿ ಮುಗ್ಗಲು ಹಿಡಿದ ಕಾಯಿ, ಬಲಿಯದ ಕಾಯಿ, ಹೊಟ್ಟು, ತೇವದ ನೆಲದಲ್ಲಿ ಬೆಳೆದು ಖಾರವೇ ಇಲ್ಲದ ಕಾಯಿ ಮಾರುತ್ತಾನೆ. ಕೆಟ್ಟ ಕಾಳಿನ ವ್ಯಾಪಾರಿ ಹುಳ ಹಿಡಿದದ್ದನ್ನು ಒಳ್ಳೆಯದರ ಜೊತೆ ಬೆರೆಸುತ್ತಾನೆ. ಕೋಕೋ ಮಾರುವ ಕಳ್ಳನಂತೂ ಬೀಜದ ಸಿಪ್ಪೆಯೊಳಗೆ ರಾಜಗಿರಿ ಹಿಟ್ಟಿನ ಕಣಕ, ಮೇಣ, ಬೆಣ್ಣೆಹಣ್ಣಿನ ಗೊರಟೆಯ ಚೂರು ತುಂಬಿ ಸಾಚಾ ಬೀಜದಂತೆ ಮಾಡುತ್ತಾನೆ. ಬೀಜವೇ ನಾಣ್ಯವಾದ ಮೇಲೆ ಅದು ಖೋಟಾ ನಾಣ್ಯವೇ ಸರಿ. ನಮ್ಮಲ್ಲೂ ಚೀಲದ ಬಾಯಿಗೆ ಕೆಂಪು ಕಾಯಿ, ಹೊಟ್ಟೆಗೆ ಬಿಳಿಗಾಯಿ ತುಂಬುವವರಿದ್ದಾರೆ. ತೂಕಕ್ಕೆಂದು ನೀರು ಚಿಮುಕಿಸುವವರಿದ್ದಾರೆ. ಆ ನೀರಿನಿಂದ ಕಾಯಿಗೆ ಬೂಷ್ಟು ಹಿಡಿದು ವಿಷವಾಗುತ್ತದೆ. ಒಬ್ಬ ಹೀಗೆ ಮಾಡಿದರೆ ಊರಿನ ಮಾಲಿಗೆಲ್ಲ ಹೆಸರು ಕೆಡುತ್ತದೆ.

ಆ ಸಂತೆಯನ್ನು ಸ್ವರ್ಗವೆಂದು ಹೊಗಳಲು ನಾನು ಹೊರಟಿಲ್ಲ. ಅಲ್ಲಿ ಮನುಷ್ಯರನ್ನೂ ಕೊರಳಿಗೆ ಪಟ್ಟಿ ಹಾಕಿ ಮಾರುತ್ತಿದ್ದರು. ಪಕ್ಕದ ಗುಡಿಯ ಮೇಲೆ ನರಬಲಿ ಕೊಡುತ್ತಿದ್ದರು. ಸುತ್ತಲಿನ ಊರುಗಳ ಮೇಲೆ ಕಪ್ಪಕಾಣಿಕೆಯ ಹೊರೆ ಹೇರಿದ್ದರು. ಕೊನೆಗೆ ಅದೇ ಅವರಿಗೆ ಮುಳುವಾಯಿತು.

ಸಂತೆ ಮುರಿದ ದಿನ

1520ರಲ್ಲಿ ಸಿಡುಬು ಬಂದು ಮನೆಮನೆಯಲ್ಲೂ ಜನ ಸತ್ತರು. 1521ರಲ್ಲಿ ಕೊರ್ತೆಸ್ ಮುತ್ತಿಗೆ ಹಾಕಿದಾಗ, ಕಪ್ಪ ಕೊಟ್ಟು ಬೇಸತ್ತಿದ್ದ ಸಾವಿರಾರು ನೆರೆಯವರು ಅವನ ಜೊತೆ ನಿಂತರು. ಸುಮಾರು ಎರಡೂವರೆ ತಿಂಗಳ ಮುತ್ತಿಗೆ. ಸಿಹಿನೀರಿನ ಕಾಲುವೆಯನ್ನು ಮೊದಲೇ ಕಡಿದಿದ್ದರು. ಅಜ್ಟೆಕರು ಹಿಂದೆ ಸರಿಯುತ್ತ ಸರಿಯುತ್ತ ಕೊನೆಗೆ ನಿಂತದ್ದು ತ್ಲತೆಲೊಲ್ಕೊದಲ್ಲಿ. ರಾಶಿ ರಾಶಿ ಕಾಳು ಅಳೆದಿದ್ದ ಊರಿನಲ್ಲಿ ಜನ ಉಪ್ಪುನೀರು ಕುಡಿದು, ಹಲ್ಲಿ ಹಿಡಿದು, ತೊಗಲು ಬೇಯಿಸಿ ತಿಂದರು. ಆಗಸ್ಟ್ 13ರಂದು ದೊರೆ ಕ್ವಾವ್ತೆಮೊಕ್ ಸೆರೆಯಾದ. ಆ ದಿನವನ್ನು ನೆನೆಸುವ ಶಿಲಾಫಲಕ ಚೌಕದಲ್ಲಿದೆ. ಗೆಲುವೂ ಅಲ್ಲ, ಸೋಲೂ ಅಲ್ಲ, ಇಂದಿನ ಮೆಕ್ಸಿಕೋ ಜನಾಂಗ ನೋವಿನಿಂದ ಹುಟ್ಟಿದ ದಿನ ಎಂಬ ಭಾವ ಅದರಲ್ಲಿದೆ.

ರಾಜ್ಯ ಹೋಯಿತು, ಗುಡಿ ಹೋಯಿತು. ಬೀಜ ಹೋಗಲಿಲ್ಲ. ಅದು ಹಡಗು ಹತ್ತಿತು. ಪೋರ್ಚುಗೀಸರ ಮೂಲಕ ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ನಮ್ಮ ಕರಾವಳಿಗೆ ಬಂತು. ಅಲ್ಲಿಯ ತನಕ ನಮ್ಮ ಖಾರವೆಂದರೆ ಕಾಳುಮೆಣಸು. ಮೆಣಸಿನಂತೆ ಖಾರವಾದ ಕಾಯಿ ಎಂದೇ ಇದಕ್ಕೆ ನಾವು ಹೆಸರಿಟ್ಟೆವು. ಮೆಕ್ಕೆಜೋಳ, ಟೊಮೆಟೊ, ಸಪೋಟ, ಹೂವಿನ ಮಡಿಯ ಚೆಂಡುಹೂವು, ಸುಗಂಧರಾಜ ಇವೆಲ್ಲವೂ ಮೂಲತಃ ಆ ನಾಡಿನವೇ. ಟೊಮೆಟೊ, ಸಪೋಟ ಎನ್ನುವಾಗ ನಾವು ಆ ಸಂತೆಯ ಭಾಷೆಯ ಮಾತನ್ನೇ ಆಡುತ್ತಿದ್ದೇವೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದರ ಮೂಲ ಮುತ್ತಜ್ಜಿಯ ತವರೂ ಆ ಕಡೆಯದೇ.

ಕೊಸರು

ಹಾಳು ಊರು ನೋಡಿ ಬರುವಾಗ ದಾರಿಬದಿಯ ಸಂತೆಯೊಂದರಲ್ಲಿ ನಿಂತೆ. ಅಜ್ಟೆಕರು ಸಂತೆಗೆ ತಿಯಾಂಕಿಸ್ತ್ಲಿ ಎನ್ನುತ್ತಿದ್ದರು. ಇಂದಿಗೂ ಅಲ್ಲಿ ಬೀದಿ ಸಂತೆಗೆ ತಿಯಾಂಗಿಸ್ ಎಂದೇ ಹೆಸರು. ಒಬ್ಬ ಹೆಂಗಸಿನ ಬಳಿ ಕಡುಗೆಂಪು ಸುಕ್ಕುಗಾಯಿ ಕಾಲು ಕಿಲೋ ಕೇಳಿದೆ. ತಕ್ಕಡಿಯ ಮುಖವನ್ನು ನನ್ನ ಕಡೆ ತಿರುಗಿಸಿಟ್ಟು ಆಕೆ ತೂಗಿದಳು. ಆಮೇಲೆ ನಾಲ್ಕು ಕಾಯಿ ಹೆಚ್ಚಿಗೆ ಹಾಕಿದಳು. ಅದಕ್ಕೆ ಅಲ್ಲಿ ಪಿಲೋನ್ ಎನ್ನುತ್ತಾರೆ. ನಮ್ಮ ಕೊಸರು! ಬೀಜವನ್ನು ಪರವಾನಗಿಯಿಲ್ಲದೆ ದೇಶದೊಳಗೆ ತರಬಾರದು. ಆದ್ದರಿಂದ ಆ ಕಾಯನ್ನು ತರಬೇತಿ ಕೇಂದ್ರದ ಅಡುಗೆಯವರಿಗೇ ಕೊಟ್ಟು ಬಂದೆ. ತಂದದ್ದು ತಕ್ಕಡಿ ತಿರುಗಿಸಿಟ್ಟ ಆ ಕೈಯ ನೆನಪು.

ನಾವು ಮಾಡಬೇಕಾದದ್ದು

1956ರ ಕಾನೂನಿನಿಂದ ಸೇರು ಬಳ್ಳ ಹೋಗಿ ಕಿಲೋ ಬಂತು. ಈಗ ಎಲೆಕ್ಟ್ರಾನಿಕ್ ತಕ್ಕಡಿಯೂ ಬಂದಿದೆ. ಅಳತೆ ನೋಡುವ ಇಲಾಖೆಯೂ ಇದೆ. ಆದರೆ ಕೇಳುವವರಿಲ್ಲದಿದ್ದರೆ ಯಾವ ಕಾನೂನೂ ಕಾಗದವೇ. ಆದ್ದರಿಂದ:

1. ಮಾಲು ಹೊರಡುವ ಮುನ್ನ ಊರಿನಲ್ಲೇ ತೂಗಿ, ಚೀಲದ ಮೇಲೂ ಪುಸ್ತಕದಲ್ಲೂ ಬರೆದುಕೊಳ್ಳಿ.

2. ಪೇಟೆಯಲ್ಲಿ ಚೀಲ ಇಡುವ ಮುಂಚೆ ತಕ್ಕಡಿಯ ಅಂಕಿ ಸೊನ್ನೆಗೆ ಬಂದಿದೆಯೇ ನೋಡಿ. ಅಂಕಿ ನಿಮಗೆ ಕಾಣುವಂತೆ ತಿರುಗಿಸಿಡಲು ಹೇಳಿ.

3. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

4. ತೂಕದ ಚೀಟಿ, ಲೆಕ್ಕದ ಪಟ್ಟಿ ಕೈಗೆ ಬಾರದೆ ಪೇಟೆ ಬಿಡಬೇಡಿ. ವ್ಯತ್ಯಾಸ ಬಂದರೆ ಅದೇ ದಿನ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ಬರೆದು ಕೊಡಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ.

5. ಮೆಣಸಿನಕಾಯಿಯನ್ನು ತೇವಾಂಶ ಶೇಕಡ 10ರ ಸುಮಾರಿಗೆ ಬರುವ ತನಕ ಚೆನ್ನಾಗಿ ಒಣಗಿಸಿ. ಬಿಳಿಗಾಯಿ, ಮುರುಕು ಬೇರೆ ಮಾಡಿ. ಚೀಲದ ಬಾಯಿಯಲ್ಲಿ ಇರುವುದೇ ತಳದಲ್ಲೂ ಇರಲಿ. ನಿಮ್ಮ ಮಾಲು ಸಾಚಾ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಬಾಂಧವರೇ, ಆ ಸಂತೆಯ ಮೆಣಸಿನಕಾಯಿ ಸಮುದ್ರ ದಾಟಿ ನಮ್ಮ ಹೊಲಕ್ಕೆ ಬಂದು ನಮ್ಮದೇ ಆಯಿತು. ಅಲ್ಲಿನ ಅಳತೆಯ ಕಟ್ಟಳೆಯನ್ನೂ ನಾವು ನಮ್ಮದು ಮಾಡಿಕೊಳ್ಳಬೇಕು. ಈ ಲೇಖನವನ್ನು ವಾಚನಾಲಯದಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರಿಗೆ ಕೇಳಿಸಿರಿ. ಮುಂದಿನ ಸಲ ಮಗನನ್ನೋ ಮಗಳನ್ನೋ ಕರೆದುಕೊಂಡು ಪೇಟೆಗೆ ಹೋದಾಗ, ಆ ಮಗು ನೋಟುಪುಸ್ತಕ ತೆರೆದರೆ ಕೈ ಹಿಡಿದು ಎಳೆಯಬೇಡಿ. ಓದಲಿ ಬಿಡಿ. ತಕ್ಕಡಿ ಅವರೊಬ್ಬರದೇ ಅಲ್ಲ.